ಬಿರುಗಾಳಿಯ ತಪ್ಪಿಗೆ ಮರಕ್ಕೆ ಶಿಕ್ಷೆಯೇ?

ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ ಎಂದು ನಮ್ಮ ಹಿರಿಯರು ನಂಬಿದ್ದರು. ಇಂದು ಏಪ್ರಿಲ್-ಮೇ ತಿಂಗಳಲ್ಲಿ ಮೋಡ ಕವಿದರೆ ಹರ್ಷಕ್ಕಿಂತ ಮೊದಲು ಆತಂಕ ಮೂಡುತ್ತದೆ. ತಿ. ನರಸೀಪುರ ತಾಲ್ಲೂಕಿನ ಸೋಸಲೆಯ ಬಯಲಾಗಲಿ, ಕೊಡಗಿನ ಬೆಟ್ಟದೂರುಗಳಾಗಲಿ, ಅರ್ಧ ಗಂಟೆ ಬಿರುಗಾಳಿ ಬೀಸಿದರೆ ಸಾಕು: ಬಾಳೆತೋಟ ಮಲಗುತ್ತದೆ, ತೆಂಗಿನ ಗರಿ ತಂತಿಯ ಮೇಲೆ ಬೀಳುತ್ತದೆ, ಕಂಬ ಮುರಿಯುತ್ತದೆ, ಊರಿಗೆ ಊರೇ ಕತ್ತಲಾಗುತ್ತದೆ.

ಕತ್ತಲನ್ನು ಬುಡ್ಡಿದೀಪದಿಂದ ಕಳೆಯಬಹುದು. ನೀರನ್ನು ಎಲ್ಲಿಂದ ತರುವುದು? ಕೆರೆ-ಬಾವಿಗಳನ್ನು ಮರೆತ ನಾವು ಕುಡಿಯುವ ನೀರಿಗೂ ಕೊಳವೆಬಾವಿಯ ಮೋಟಾರನ್ನೇ ನಂಬಿದ್ದೇವೆ. ವಿದ್ಯುತ್ ಎರಡು ದಿನ ಬಾರದಿದ್ದರೆ ಕೊಡ ಹೊತ್ತು ಅಲೆಯುವವರು ಮನೆಯ ಹೆಣ್ಣುಮಕ್ಕಳು.

ಇಷ್ಟಾದ ಮೇಲೆ ಅಪರಾಧಿಯ ಪಟ್ಟ ಯಾರಿಗೆ? ಮರಕ್ಕೆ! ಗಾಳಿಮಳೆಯ ಮರುದಿನವೇ ಸಾಲುಮರಗಳ ಬುಡಕ್ಕೆ ಕೊಡಲಿ ಬೀಳುತ್ತದೆ. ಆ ಮರ ಉರುಳಿದ್ದೇಕೆ ಎಂದು ಕೇಳುವವರಿಲ್ಲ. ರಸ್ತೆ ಅಗಲಿಸುವಾಗ, ಚರಂಡಿ ತೋಡುವಾಗ ಅದರ ಬೇರು ಕಡಿದವರು ನಾವು. ತಂತಿಯತ್ತಣ ಕೊಂಬೆಗಳನ್ನಷ್ಟೇ ಸವರಿ ಮರವನ್ನು ಒಂದೇ ಕಡೆಗೆ ವಾಲಿಸಿದವರೂ ನಾವೇ. ಗದ್ದೆಯ ಹಸಿಮಣ್ಣಿನಲ್ಲಿ ಆಳವಿಲ್ಲದೆ ನೆಟ್ಟ ಕಂಬ, ಜೋತುಬಿದ್ದ ಬೆತ್ತಲೆ ತಂತಿ ಇವುಗಳಿಗೆ ಮರದ ನೆವವೂ ಬೇಡ. ಒಂದು ಕಂಬ ಬಿದ್ದರೆ ತಂತಿಯ ಸೆಳೆತಕ್ಕೆ ಪಕ್ಕದ ಕಂಬಗಳೂ ಉರುಳುತ್ತವೆ. ಗಾಳಿಯ ವೇಗವನ್ನು ತಡೆಯುವ ಮರಸಾಲನ್ನೇ ಕಡಿದರೆ ಮುಂದಿನ ಬಿರುಗಾಳಿಗೆ ದಾರಿ ಇನ್ನಷ್ಟು ಸಲೀಸು.

ನಗರಕ್ಕೊಂದು ನ್ಯಾಯ, ಹಳ್ಳಿಗೊಂದು ನ್ಯಾಯ ಎಂಬುದು ಕಾಗದದಲ್ಲಿಯೂ ಇದೆ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2004ರಲ್ಲಿ ರೂಪಿಸಿದ ಸೇವಾ ಮಾನದಂಡಗಳಲ್ಲಿ ಕೆಟ್ಟ ಟ್ರಾನ್ಸ್‌ಫಾರ್ಮರ್ ಬದಲಿಸಲು ನಗರದಲ್ಲಿ 24 ಗಂಟೆಯ ಗಡುವಾದರೆ, ಹಳ್ಳಿಯಲ್ಲಿ 72 ಗಂಟೆ. ಸೋಸಲೆಯ ಸನಿಹದಲ್ಲಿ ಹರಿಯುವ ಕಾವೇರಿಯೇ ಮುಂದೆ ಶಿವನಸಮುದ್ರದಲ್ಲಿ ಧುಮುಕಿ, 1902ರಲ್ಲಿ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕೊಟ್ಟಳು. ಆ ನದಿಯ ದಂಡೆಯ ಹಳ್ಳಿಗಳು ಇಂದಿಗೂ ಸರದಿಯ ಕೊನೆಯಲ್ಲಿ ನಿಲ್ಲಬೇಕೆ?

ನಿರ್ಲಕ್ಷ್ಯದ ಬೆಲೆ ಏನೆಂಬುದಕ್ಕೆ ಜಗತ್ತಿನಲ್ಲಿ ಸಾಕ್ಷ್ಯವಿದೆ. 2017ರ ಸೆಪ್ಟೆಂಬರ್ 20ರಂದು ಮರಿಯಾ ಚಂಡಮಾರುತ ಅಪ್ಪಳಿಸಿದಾಗ ಪೋರ್ಟೊರಿಕೊ ದ್ವೀಪಕ್ಕೆ ದ್ವೀಪವೇ ಕತ್ತಲಾಯಿತು. ಎಲ್ಲ ಮನೆಗಳಿಗೂ ವಿದ್ಯುತ್ ಮರಳಲು ಸುಮಾರು 11 ತಿಂಗಳು ಹಿಡಿಯಿತು. ಕೊನೆಗೆ ಬೆಳಕು ಕಂಡವು ಅಲ್ಲಿನ ಬೆಟ್ಟದ ಹಳ್ಳಿಗಳೇ. ಗಾಳಿ ಬೀಸುವ ಮೊದಲೇ ಅಲ್ಲಿನ ವಿದ್ಯುತ್ ಜಾಲ ಶಿಥಿಲವಾಗಿತ್ತು, ಸಂಸ್ಥೆ ಸಾಲದಲ್ಲಿ ಮುಳುಗಿತ್ತು. ಭೂಮಿಯ ತಾಪ ಒಂದು ಡಿಗ್ರಿ ಏರಿದರೆ ಗಾಳಿ ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. ಬರುವ ದಿನಗಳ ಮಳೆಗಾಳಿ ಹಿಂದಿನಂತೆ ಇರುತ್ತದೆಂದು ನಂಬಿ ಕೂರುವಂತಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಪ್ರತಿ ವರ್ಷ ಯುಗಾದಿಗೆ ಮೊದಲೇ ವಾಲಿದ ಕಂಬ, ಜೋತ ತಂತಿಗಳ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ, ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ ಲಿಖಿತವಾಗಿ ಕೊಡಬೇಕು. ವಿದ್ಯಾರ್ಥಿ ಮಿತ್ರರು ಈ ಪಟ್ಟಿ ತಯಾರಿಸಲು ಮುಂದಾಗಲಿ. ಮರಗಳ ದಟ್ಟಣೆ ಇರುವಲ್ಲಿ ಬೆತ್ತಲೆ ತಂತಿಯ ಬದಲು ಹೊದಿಕೆಯುಳ್ಳ ಕೇಬಲ್ ಬರಲಿ. ಕೊಂಬೆ ಸವರುವುದು ಮಳೆಗೆ ಮುನ್ನ, ಮರದ ಸಮತೋಲ ಕೆಡದಂತೆ ನಡೆಯಲಿ. ಮರ ಕಡಿಯಲೇಬೇಕಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷ ಅಧಿಕಾರಿಯ ಅನುಮತಿ ಇದೆಯೇ ಎಂದು ಕೇಳೋಣ. ಕುಡಿಯುವ ನೀರಿನ ಒಂದು ಮೋಟಾರಾದರೂ ಸೌರಶಕ್ತಿಯಿಂದ ನಡೆಯಲಿ. ತಂತಿ ಬಿದ್ದರೆ ಯಾರೂ ಮುಟ್ಟದೆ 1912ಕ್ಕೆ ಕರೆ ಮಾಡಲಿ. ಸುರಿವ ಮಳೆಯಲ್ಲಿ ಕಂಬ ಏರುವ ಲೈನ್‌ಮನ್‌ಗೆ ಸುರಕ್ಷಾ ಸಾಧನ ಕೊಡಿಸುವುದೂ ನಮ್ಮ ಹಕ್ಕೊತ್ತಾಯವಾಗಲಿ.

ಗಾಳಿಯನ್ನು ತಡೆಯುವ ಶಕ್ತಿ ನಮಗಿಲ್ಲ. ಕಂಬವನ್ನು ನೆಟ್ಟಗೆ ನಿಲ್ಲಿಸುವ, ಮರವನ್ನು ಉಳಿಸಿಕೊಳ್ಳುವ ಶಕ್ತಿ ಇದೆ. ಮುಂದಿನ ಭರಣಿಯೊಳಗೆ ಅದನ್ನು ಬಳಸೋಣ.