ನಮ್ಮ ಬೀದಿಯ ಚರ್ಚು

ಭಾನುವಾರ ಬೆಳಿಗ್ಗೆ ತಮ್ಮ ಬಡಾವಣೆಯ ಚರ್ಚನ್ನು ದಾಟಿಕೊಂಡು ಇನ್ನೊಂದು ಬಡಾವಣೆಯ ಚರ್ಚಿಗೆ ಪೂಜೆಗೆ ಹೋಗುವ ಕಥೋಲಿಕ ಕುಟುಂಬಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಅಲ್ಲಿಯ ಗಾಯನವೃಂದ ಚೆನ್ನಾಗಿದೆ, ಫಾದರ್ ಪ್ರಬೋಧನೆ ಮನಸ್ಸಿಗೆ ನಾಟುತ್ತದೆ, ಮಕ್ಕಳ ಸ್ನೇಹಿತರೆಲ್ಲ ಅಲ್ಲಿಗೇ ಬರುತ್ತಾರೆ ಎನ್ನುತ್ತಾರೆ. ಹಾಗೆ ಹೋಗುವುದು ಸರಿಯೇ?

ನಿಯಮದ ಮಾತು ಬೇಗ ಮುಗಿಯುತ್ತದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1248ನೇ ವಿಧಿಯ ಪ್ರಕಾರ ಭಾನುವಾರದ ಕರ್ತವ್ಯ ಯಾವ ಕಥೋಲಿಕ ಪೂಜೆಯಲ್ಲಿ ಪಾಲ್ಗೊಂಡರೂ ಸಲ್ಲುತ್ತದೆ. ಆದರೆ 518ನೇ ವಿಧಿಯ ಪ್ರಕಾರ ಧರ್ಮಕೇಂದ್ರಕ್ಕೆ, ಅಂದರೆ ಪ್ಯಾರಿಷ್‌ಗೆ, ಸಾಮಾನ್ಯವಾಗಿ ಒಂದು ಎಲ್ಲೆಯಿದೆ. ಅದರೊಳಗೆ ವಾಸಿಸುವವರೆಲ್ಲ, ಹೆಸರು ಬರೆಸಿರಲಿ ಬಿಡಲಿ, ಅದಕ್ಕೆ ಸೇರಿದವರು. ವರ್ಷಕ್ಕೊಮ್ಮೆಯಾದರೂ ತನ್ನದೇ ಗುರುವಿನ ಬಳಿ ಪಾಪನಿವೇದನೆ ಮಾಡಬೇಕೆಂದು 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ವಿಧಿಸಿತ್ತು. ತನ್ನದೇ ಗುರುವಿನ ಬಳಿ ಎಂಬ ಆ ಕಟ್ಟು ಇಂದಿಲ್ಲ. ಆದರೆ ಈ ಬೀದಿಗಳ ಜನರಿಗೆಲ್ಲ ಹೊಣೆಯಾಗಿ ಒಬ್ಬ ಗುರು ಇರಬೇಕು ಎಂಬ ತಿಳಿವಳಿಕೆ ಉಳಿದಿದೆ.

ಭಾಷೆಯ ಕಾರಣಕ್ಕೆ ದೂರ ಹೋಗುವವರನ್ನು ನಾನು ಆಕ್ಷೇಪಿಸಲಾರೆ. ಲ್ಯಾಟಿನ್ ಕಾಲದಲ್ಲಿ ಯಾವ ಚರ್ಚಿಗೆ ಹೋದರೂ ಪೂಜೆಯ ನುಡಿ ಒಂದೇ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಜನರ ನುಡಿಗೆ ದಾರಿ ತೆರೆದ ಮೇಲೆ ಬೆಂಗಳೂರಿನಂಥ ಊರಿನಲ್ಲಿ ಕನ್ನಡ, ತಮಿಳು, ಇಂಗ್ಲಿಷ್, ಕೊಂಕಣಿ ಪೂಜೆಗಳು ಬಂದವು. ಯಾವ ಚರ್ಚು ಎಂಬುದು ಆಗ ನಿಜವಾದ ಪ್ರಶ್ನೆಯಾಯಿತು. ಇಲ್ಲಿ ಕನ್ನಡ ಪೂಜೆಗಾಗಿ ದಶಕಗಳ ಹೋರಾಟವೇ ನಡೆದಿದೆ. ಪಾಪನಿವೇದನೆಯ ಪೀಠದ ಮುಂದೆ ಮಂಡಿಯೂರಿದ ಮುದುಕಿಗೆ ತನ್ನ ಮನಸ್ಸಿನ ಭಾರವನ್ನು ಹೇಳಿಕೊಳ್ಳಲು ಕನ್ನಡವೇ ಬೇಕು. ಅದಕ್ಕಾಗಿ ಆಕೆ ಎರಡು ಬಸ್ಸು ಬದಲಿಸಿ ಹೋದರೆ ಅದು ಚಪಲವಲ್ಲ. ಭಾಷೆ ಮತ್ತು ಆರಾಧನಾ ಪದ್ಧತಿಯ ಆಧಾರದ ಮೇಲೂ ಧರ್ಮಕೇಂದ್ರಗಳನ್ನು ಸ್ಥಾಪಿಸಲು 518ನೇ ವಿಧಿಯೇ ಅವಕಾಶ ಕೊಟ್ಟಿದೆ. ತಮ್ಮ ಧರ್ಮಕೇಂದ್ರದಲ್ಲಿ ಅವಮಾನಕ್ಕೋ ಅನ್ಯಾಯಕ್ಕೋ ಗುರಿಯಾದವರಿಗೂ ಅಲ್ಲೇ ಇರಿ ಎಂದು ಉಪದೇಶಿಸುವ ಹಕ್ಕು ಯಾರಿಗೂ ಇಲ್ಲ.

ಬಾಡಿಗೆ ಮನೆಯವರದು ಬೇರೆ ಕಷ್ಟ. ಹನ್ನೊಂದು ತಿಂಗಳ ಕರಾರು ಮುಗಿದಾಗ ಮಾಲೀಕರು ಬಾಡಿಗೆ ಏರಿಸುತ್ತಾರೆ, ಸಾಮಾನು ಟೆಂಪೋ ಏರುತ್ತದೆ, ಎಲ್ಲೆ ಬದಲಾಗುತ್ತದೆ. ಮೂರು ತಿಂಗಳು ನೆಲೆಸಿದರೆ ಹೊಸ ಕಡೆಯ ಗುರುವೇ ನಿಮ್ಮ ಗುರು ಎನ್ನುತ್ತದೆ ಸಂಹಿತೆ. ಆದರೆ ಗುರುತು ಪರಿಚಯ ಮೂರು ತಿಂಗಳಲ್ಲಿ ಬೆಳೆಯುವುದಿಲ್ಲ. ಇಂಥವರು ತಮ್ಮನ್ನು ಬಲ್ಲ ಹಳೆಯ ಚರ್ಚಿಗೇ ಹೋಗುತ್ತಿದ್ದರೆ ಅದೇ ಮೇಲು ಎನ್ನುತ್ತೇನೆ.

ನನ್ನ ತಕರಾರು ಇರುವುದು ಹಾಡು, ಪ್ರಬೋಧನೆ, ಸೊಗಸಿಗಾಗಿ ಹೋಗುವುದರ ಬಗ್ಗೆ. ದೂರದ ಚರ್ಚನ್ನು ಆರಿಸಿಕೊಳ್ಳುವವರು ಹೆಚ್ಚಾಗಿ ವಾಹನವಿರುವವರು, ಓದಿದವರು, ಹಾಡಬಲ್ಲವರು, ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡಬಲ್ಲವರು. ಅವರು ಹೋದ ಮೇಲೆ ಬೀದಿಯ ಚರ್ಚಿನಲ್ಲಿ ಉಳಿಯುವುದು ವಯಸ್ಸಾದವರು, ಗಾರ್ಮೆಂಟ್ಸ್ ಕೆಲಸದವರು, ನಡೆದೇ ಬರುವವರು. ಗಾಯನವೃಂದ ಇನ್ನಷ್ಟು ಸೊರಗುತ್ತದೆ. ಅದನ್ನು ಕೇಳಿ ಇನ್ನೊಂದು ಕುಟುಂಬ ಹೊರಡುತ್ತದೆ. ಪೂಜೆಯ ನಡುವೆ ಪರಸ್ಪರ ಸಮಾಧಾನ ಕೋರುವ ಹೊತ್ತಿನಲ್ಲಿ ಪಕ್ಕದಲ್ಲಿ ಯಾರು ನಿಂತಿರುತ್ತಾರೋ ಅವರಿಗೇ ಕೈಮುಗಿಯಬೇಕು. ಪಕ್ಕದವರನ್ನೂ ನಾವೇ ಆರಿಸಿಕೊಳ್ಳತೊಡಗಿದರೆ ಆ ಕೈಮುಗಿತಕ್ಕೆ ಅರ್ಥ ಕಡಿಮೆಯಾಗುತ್ತದೆ.

ಮದುವೆಯ ಪ್ರಕಟಣೆಯನ್ನೇ ನೋಡಿ. ಪೂಜೆಯ ಕೊನೆಗೆ ವಧೂವರರ ಹೆಸರು, ತಂದೆತಾಯಿಯರ ಹೆಸರು ಓದಿ, ಈ ಮದುವೆಗೆ ಅಡ್ಡಿಯೇನಾದರೂ ಗೊತ್ತಿದ್ದರೆ ತಿಳಿಸಿ ಎನ್ನುತ್ತಾರೆ. ಹೇಳಲು ಮೊದಲು ಆ ಹುಡುಗನ ಮುಖ ಗೊತ್ತಿರಬೇಕಲ್ಲ! ವರ್ಷಗಟ್ಟಲೆ ಬೇರೆಡೆ ಪೂಜೆಗೆ ಹೋದ ಮನೆಯ ಹೆಸರು ಓದಿದಾಗ ಬೆಂಚುಗಳಲ್ಲಿ ಯಾರೂ ತಲೆಯೆತ್ತುವುದಿಲ್ಲ. ಹಾಸಿಗೆ ಹಿಡಿದಾಗಲೂ ಇದೇ ಕಥೆ. ಮನೆಗೆ ಪರಮಪ್ರಸಾದ ತರುವವರು, ವಿನ್ಸೆಂಟ್ ದೆ ಪಾಲ್ ಸಂಘದಿಂದ ಅಕ್ಕಿಬೇಳೆಯ ಚೀಲ ಹಿಡಿದು ಮೆಟ್ಟಿಲು ಹತ್ತುವವರು ಹೆಚ್ಚಾಗಿ ಆಯಾ ಧರ್ಮಕೇಂದ್ರದವರೇ. ಇರುವುದೇ ಗೊತ್ತಿಲ್ಲದ ಮನೆಗೆ ಅವರು ಹೇಗೆ ಬಂದಾರು?

ಆದ್ದರಿಂದ ಹೋಗಲೇಬೇಕಾದವರು ಹೋಗಲಿ, ಆದರೆ ಒಂದೇ ಚರ್ಚಿಗೆ ಕಾಯಂ ಆಗಿ ಹೋಗಲಿ: ಅಲ್ಲಿ ಹೆಸರು ಬರೆಸಿ, ಒಂದು ಕೆಲಸ ವಹಿಸಿಕೊಂಡು, ಇಲ್ಲಿಯ ಗುರುಗಳಿಗೂ ವಿಷಯ ತಿಳಿಸಿ. ಧರ್ಮಕೇಂದ್ರಗಳ ಮೇಲೂ ಹೊಣೆಯಿದೆ. ಕನ್ನಡ ಪೂಜೆಯನ್ನು ವಯಸ್ಸಾದವರು ಬರಲಾಗದ ನಸುಕಿಗೆ ಇಟ್ಟು, ಒಳ್ಳೆಯ ಹೊತ್ತನ್ನೆಲ್ಲ ಬೇರೆ ಭಾಷೆಗಳಿಗೆ ಕೊಟ್ಟ ಚರ್ಚು ತನ್ನ ಜನ ಎಲ್ಲಿ ಹೋದರು ಎಂದು ಕೇಳುವ ಮೊದಲು ಪೂಜೆಯ ವೇಳಾಪಟ್ಟಿಯನ್ನು ಆ ಜನರ ಜೊತೆಯೇ ಕೂತು ಮತ್ತೆ ಬರೆಯಬೇಕು.