ಲೋಹಕ್ಕೆ ಬೆಲೆಯಿದೆ, ಜೀವಕ್ಕೆ?

ಬ್ಯಾರಿಸ್ಟರ್ ಎಂದರೆ ನಮಗೆ ಮೊದಲು ನೆನಪಾಗುವವರು ಗಾಂಧೀಜಿ. ಲಂಡನ್ನಿನಲ್ಲಿ ಕಲಿತು ಬಂದವರೆಂಬ ಗೌರವ ಆ ಪದಕ್ಕೆ ಇನ್ನೂ ಅಂಟಿಕೊಂಡಿದೆ. ಇವತ್ತಿನ ಲಂಡನ್ನಿನಲ್ಲಿ ವಿಮಾನ ಮತ್ತು ವಿಮೆಯ ವ್ಯಾಜ್ಯಗಳನ್ನೇ ವೃತ್ತಿ ಮಾಡಿಕೊಂಡ ಬ್ಯಾರಿಸ್ಟರುಗಳಿದ್ದಾರೆ. ಅವರ ಜಾಣತನದ ಬಗ್ಗೆ ನನಗೆ ತಕರಾರಿಲ್ಲ. ಆ ಜಾಣತನ ಯಾರ ಪಾಲಿಗೆ ಒದಗುತ್ತದೆ ಎಂಬ ಬಗ್ಗೆ ಇದೆ.

2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋಯಿತಲ್ಲ, ಆಗ ರಷ್ಯಾದ ವಿಮಾನ ಸಂಸ್ಥೆಗಳಿಗೆ ಬಾಡಿಗೆಗೆ ಕೊಟ್ಟಿದ್ದ ನೂರಾರು ವಿಮಾನಗಳು ಅಲ್ಲೇ ಸಿಕ್ಕಿಕೊಂಡವು. ಮಾಲೀಕರು ವಿಮೆಯ ಹಣ ಕೇಳಿದರು, ವಿಮೆಯವರು ಒಪ್ಪಲಿಲ್ಲ. 2024ರ ಅಕ್ಟೋಬರಿನಲ್ಲಿ ಲಂಡನ್ನಿನ ಕಮರ್ಷಿಯಲ್ ಕೋರ್ಟಿನಲ್ಲಿ ವಿಚಾರಣೆ ಶುರುವಾಯಿತು. ಈ ನಷ್ಟ ಯುದ್ಧದ ಅಪಾಯದ ವಿಮೆಗೆ ಸೇರುತ್ತದೋ, ಮಾಮೂಲಿ ವಿಮೆಗೋ? ವಿಮಾನ ಯಾವ ತಾರೀಖಿಗೆ ಕೈಬಿಟ್ಟು ಹೋಯಿತು? ಎರಡೂ ಕಡೆ ಬ್ಯಾರಿಸ್ಟರುಗಳ ದಂಡು, ತಿಂಗಳುಗಟ್ಟಲೆ ಕೂದಲು ಸೀಳುವ ವಾದ. 2025ರ ಜೂನ್ 11ರಂದು ತೀರ್ಪು ಬಂತು: ಯುದ್ಧದ ಅಪಾಯಕ್ಕೆ ವಿಮೆ ಕೊಟ್ಟವರೇ ತೆರಬೇಕು. ಒಂದೇ ಕಂಪನಿಯ ಪಾಲಿಗೆ ಬಂದದ್ದು ನೂರು ಕೋಟಿ ಡಾಲರಿಗೂ ಮೇಲೆ.

ಒಂದು ಸಂಗತಿ ಗಮನಿಸಿ. ವಿಮಾನಕ್ಕೆ ಪಾಲಿಸಿ ಬರೆಯುವಾಗಲೇ ಅದರ ಬೆಲೆಯನ್ನು ಎರಡೂ ಕಡೆಯವರು ಒಪ್ಪಿ ನಮೂದಿಸುವುದು ಈ ವ್ಯವಹಾರದ ರೂಢಿ. ವಿಮಾನ ಪೂರ್ತಿ ಹೋದರೆ ಇಷ್ಟು ಎಂದು ಮೊದಲೇ ಗೊತ್ತು.

ಈಗ ನಮ್ಮ ಬಜ್ಪೆಗೆ ಬನ್ನಿ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಮರಿಗೆ ಬಿತ್ತು. ಒಳಗಿದ್ದ 166 ಜನರಲ್ಲಿ ಉಳಿದವರು 8. ಭಾರತ ಅದರ ಹಿಂದಿನ ವರ್ಷವಷ್ಟೇ ಮಾಂಟ್ರಿಯಲ್ ಒಪ್ಪಂದಕ್ಕೆ ಸೇರಿತ್ತು. ಪ್ರಯಾಣಿಕ ಸತ್ತರೆ, ಒಂದು ಮೊತ್ತದವರೆಗೆ ‘ತಪ್ಪು ನಮ್ಮದಲ್ಲ’ ಎಂದು ವಿಮಾನ ಸಂಸ್ಥೆ ಜಾರಿಕೊಳ್ಳುವಂತಿಲ್ಲ ಎನ್ನುತ್ತದೆ ಆ ಒಪ್ಪಂದ. ಆ ಮೊತ್ತ, ಅಂದರೆ ಸುಮಾರು 75 ಲಕ್ಷ ರೂಪಾಯಿ, ಪ್ರತಿ ಕುಟುಂಬಕ್ಕೂ ಕನಿಷ್ಠ ಸಿಗಬೇಕೆಂದು ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ 2011ರಲ್ಲಿ ಹೇಳಿತು. ಅದೇ ವರ್ಷ ವಿಭಾಗೀಯ ಪೀಠ ಅದನ್ನು ತಳ್ಳಿಹಾಕಿತು. ನಷ್ಟ ಎಷ್ಟೆಂದು ಕುಟುಂಬದವರೇ ಸಾಬೀತು ಮಾಡಬೇಕಂತೆ! ದೊಡ್ಡ ಸಂಬಳದಲ್ಲಿದ್ದ ಒಬ್ಬರ ಮನೆಯವರಿಗೆ 7.64 ಕೋಟಿ ಸಲ್ಲಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು 2020ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಹತ್ತು ವರ್ಷ ಕಳೆದಿತ್ತು.

ಇದು ಸಂಬಳದ ಚೀಟಿ ಇದ್ದವರ ಪಾಡು. ಇಲ್ಲದವರದು? ವಿಮೆಯ ಫಾರಂ ತುಂಬುವಾಗ ಉದ್ಯೋಗದ ಎದುರು ‘ಗೃಹಿಣಿ’ ಎಂದೂ ಆದಾಯದ ಎದುರು ‘ಇಲ್ಲ’ ಎಂದೂ ನಾನು ಬರೆಯುತ್ತೇನೆ. ನೀವೂ ಹಾಗೇ ತಾನೇ? 2019ರ ಸರ್ಕಾರಿ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ದುಡಿಯುತ್ತಾರೆ, ಆ ಕೆಲಸಕ್ಕೆ ಕೈಹಾಕುವ ಗಂಡಸರು 97 ನಿಮಿಷ. ಈ ದುಡಿಮೆಗೂ ಬೆಲೆ ಕಟ್ಟಲೇಬೇಕೆಂದು 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು, ಅದೂ ಒಂದು ರಸ್ತೆ ಅಪಘಾತದ ಮೊಕದ್ದಮೆಯಲ್ಲಿ. ಒಳ್ಳೆಯದೇ. ಆದರೆ ವಿಮಾನಕ್ಕೆ ಹಾರುವ ಮೊದಲೇ ಸಿಗುವ ಬೆಲೆ ನಮಗೆ ಸತ್ತ ಮೇಲೆ, ಕಟಕಟೆಯಲ್ಲಿ ಸಿಗಬೇಕೆ?

‘ಜೀವಕ್ಕೆ ಬೆಲೆ ಕಟ್ಟಲಾದೀತೇನಮ್ಮಾ?’ ಎಂದು ತಿಳಿದವರು ಕೇಳುತ್ತಾರೆ. ಹಾಗೆನ್ನುತ್ತಲೇ ಕಟ್ಟುತ್ತಾರಲ್ಲ, ಅದೂ ಕಡಿಮೆ! ಎಲ್ಲರಿಗೂ ಒಂದೇ ಮೊತ್ತ ಕೊಡಿ ಎಂದು ನಾನು ಹೇಳುತ್ತಿಲ್ಲ. ಹೆಚ್ಚು ನಷ್ಟ ತೋರಿಸುವವರು ಹೆಚ್ಚು ಪಡೆಯಲಿ. ಇದಕ್ಕಿಂತ ಕೆಳಗಿಳಿಯಬಾರದು ಎಂಬ ಗೆರೆಯೊಂದನ್ನು ಸಂಸತ್ತು ಎಳೆಯಲಿ. ಗೃಹಿಣಿಗೂ ಮಗುವಿಗೂ ಆ ಗೆರೆ ಒಂದೇ ಇರಲಿ. ವಿಮಾನ ಸಂಸ್ಥೆಯ ವಕೀಲರು ಮನೆಯವರೊಡನೆ ಮಾತಿಗೆ ಕೂರುವ ದಿನ, ಮನೆಯವರ ಪಕ್ಕದಲ್ಲೂ ಸರ್ಕಾರದ ಖರ್ಚಿನಲ್ಲಿ ಈ ಕಾನೂನು ಬಲ್ಲ ವಕೀಲರೊಬ್ಬರು ಇರಲಿ.

ಅಲ್ಲಿಯವರೆಗೆ ಎರಡು ಮಾತು ನೆನಪಿಡಿ, ಅಕ್ಕತಂಗಿಯರೇ. ಮಾಂಟ್ರಿಯಲ್ ಒಪ್ಪಂದದಲ್ಲಿ ದಾವೆ ಹೂಡಲು ಇರುವುದು ಎರಡೇ ವರ್ಷ. ‘ಪೂರ್ಣ ಮತ್ತು ಅಂತಿಮ’ ಎಂದು ಬರೆದ ಕಾಗದ ಮುಂದಿಟ್ಟರೆ, ಯಾರು ಎಷ್ಟೇ ಅವಸರ ಮಾಡಲಿ, ನಿಮ್ಮದೇ ವಕೀಲರು ಓದಿ ಹೇಳುವ ತನಕ ಸಹಿ ಹಾಕಬೇಡಿ.