ರೋರಿಚ್ ಬೆಟ್ಟದಲ್ಲಿ ಮೂಟೆ ಹೊತ್ತವರೆಲ್ಲಿ?



ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗೆ ಹೋದವರು ನಿಕೊಲಸ್ ರೋರಿಚ್ ಬರೆದ ಹಿಮಾಲಯವನ್ನ ನೋಡಿರ್ತೀರಿ. ಎಲ್ಲರ ಬಾಯಲ್ಲೂ ಒಂದೇ ಮಾತು, "ಎಂಥಾ ದೈವಿಕತೆ!" ಆ ದೈವಿಕತೆಯನ್ನ ಹೇಗೆ ಕಟ್ಟಿದ್ದಾರೆ ಅಂತ ಯಾರೂ ಕೇಳಲ್ಲ.

ಬಣ್ಣ ನೋಡಿ. ಅವರು ಬಳಸಿದ್ದು ಟೆಂಪೆರಾ. ಎಣ್ಣೆಬಣ್ಣದ ಹೊಳಪು ಅದಕ್ಕಿಲ್ಲ, ಸುಣ್ಣ ಬಳಿದ ಗೋಡೆ ಥರ ಮಂಕು. ಆ ಮಂಕಲ್ಲೇ ನೀಲಿ ಒಳಗಿಂದ ಬೆಳಗಿದ ಹಾಗೆ ಕಾಣುತ್ತೆ. ಹಲವು ಚಿತ್ರಗಳಲ್ಲಿ ಕೆಳಗೆ ಕಡುನೀಲಿ, ನೇರಳೆ. ತುದಿಯಲ್ಲಿ ಬಿಳಿ, ಇಲ್ಲವೇ ಗುಲಾಬಿ. ಮುಳ್ಳು, ಪೊದೆ, ಕೊರಕಲು ಎಲ್ಲ ತೆಗೆದು ಬೆಟ್ಟವನ್ನ ನಾಲ್ಕಾರು ಚಪ್ಪಟೆ ಪದರಗಳಿಗೆ ಇಳಿಸಿಬಿಟ್ಟಿದ್ದಾರೆ. ಮನುಷ್ಯ ಇದ್ದರೂ ಬೆರಳುದ್ದ. ಅವನೂ ಹೆಚ್ಚಾಗಿ ಧ್ಯಾನಕ್ಕೆ ಕೂತವನು.

ದೊಡ್ಡ ಕಸುಬು, ಒಪ್ತೀನಿ. ಆ ನೀಲಿ ಮುಂದೆ ನಾನೂ ತುಂಬಾ ಹೊತ್ತು ನಿಂತಿದ್ದೀನಿ (ನೀಲಿ ಅಂದ್ರೆ ನಮಗೆ ಬಿಟ್ಟು ಬರೋಕಾಗುತ್ತಾ!). ಆದ್ರೆ ಮೇಲಿರೋದೆಲ್ಲ ಶುಭ್ರ, ಕೆಳಗಿರೋದೆಲ್ಲ ಕತ್ತಲು, ದುಡಿಯೋ ಮೈ ಎಲ್ಲೂ ಇಲ್ಲ. ಈ ಜೋಡಣೆ ನಮಗೆ ಹೊಸದಾ? ಊರು, ಕೇರಿ ನೋಡ್ಕೊಂಡೇ ಬೆಳೆದವರು ನಾವು. ರಷ್ಯಾದಿಂದ ಬಂದ ಕಲಾವಿದ ಜಾತಿ ಮನಸ್ಸಿಟ್ಟುಕೊಂಡು ಬರೆದರು ಅಂತ ನಾನು ಹೇಳ್ತಿಲ್ಲ. ಅವರ ಬೆಟ್ಟ ಇಲ್ಲಿನ ಮಡಿ ಕಣ್ಣಿಗೆ ಇಷ್ಟು ಸಲೀಸಾಗಿ ಯಾಕೆ ಒಗ್ಗಿತು ಅನ್ನೋದು ನನ್ನ ಪ್ರಶ್ನೆ.

1925ರಿಂದ 1928ರವರೆಗೆ ರೋರಿಚ್ ಮಧ್ಯ ಏಷ್ಯಾ ಸುತ್ತಿದರು. 1927ರ ಚಳಿಗಾಲದಲ್ಲಿ ಟಿಬೆಟ್‌ನ ಅಧಿಕಾರಿಗಳು ಅವರ ತಂಡವನ್ನ ಎತ್ತರದ ಬಯಲಲ್ಲಿ ತಿಂಗಳುಗಟ್ಟಲೆ ತಡೆದು ನಿಲ್ಲಿಸಿದ್ರು. ಇದ್ದದ್ದು ಬೇಸಿಗೆಯ ಡೇರೆಗಳು. ತಂಡದ ಜನರೂ ಸತ್ತರು, ಮೂಟೆ ಹೊರೋ ಪ್ರಾಣಿಗಳೂ ಸತ್ತವು. ಚಳಿಗೆ ಕಪ್ಪಾದ ಬೆರಳು, ಸಗಣಿ ಬೆಂಕಿಯ ಹೊಗೆ, ಇವಕ್ಕೂ ಬಣ್ಣ ಇತ್ತಲ್ಲ? ಶುಭ್ರ ಶಿಖರದಲ್ಲಿ ಅದಕ್ಕೆ ಜಾಗ ಸಿಗಲಿಲ್ಲ.

ಮಗ ಸ್ವೆತೊಸ್ಲಾವ್, ದೇವಿಕಾ ರಾಣಿಯವರ ಗಂಡ, ನಮ್ಮ ತಾತಗುಣಿಯಲ್ಲಿ ಬಾಳಿದವರು. ಅವರ ಹಲವು ಚಿತ್ರಗಳಲ್ಲಿ ಹೊಲದಲ್ಲಿ ದುಡಿಯೋ ಜನ ಮುಂದೆ ಬಂದು ನಿಲ್ತಾರೆ. ನನಗೆ ಅವೇ ಹೆಚ್ಚು ಇಷ್ಟ. ಆ ಮೈಗಳೂ ಕೊಂಚ ಜಾಸ್ತಿನೇ ಚೆಂದ, ಬೆವರು ಕಾಣಲ್ಲ, ಇರಲಿ.

ಕಲಾಶಾಲೆಗಳಲ್ಲಿ ಓದ್ತಿರೋ ನಮ್ಮ ಹುಡುಗ್ರು, ಹುಡುಗೀರಿಗೆ ಒಂದು ಕೋರಿಕೆ. ಅದೇ ಟೆಂಪೆರಾ ತಗೊಳ್ಳಿ, ಅದೇ ನೀಲಿ ತಗೊಳ್ಳಿ. ಮಾದಪ್ಪನ ಬೆಟ್ಟ ಬರೀರಿ. ಸೌದೆ ಹೊರೆ ಹೊತ್ತು ಇಳಿಯೋ ಅವ್ವನ್ನ ಬೆರಳುದ್ದ ಮಾಡ್ಬೇಡಿ. ಬರೆದಾಗ ನನಗೂ ಕಳಿಸಿ, ಇಲ್ಲೇ ಹಾಕೋಣ.